ಬ್ರೆಕ್ಸಿಟ್ ನಂತರ ಬ್ರಿಟನ್ ಮೀನುಗಾರರ ಕೈಗೆ ಬಂದದ್ದೇನು?

2025ರ ಮೇ 19ರಂದು, ಐರೋಪ್ಯ ಒಕ್ಕೂಟ ಬಿಟ್ಟು (ಅದೇ ಬ್ರೆಕ್ಸಿಟ್) ಹೊರಬಂದಿದ್ದ ಬ್ರಿಟನ್ ಮತ್ತು ಆ ಒಕ್ಕೂಟದ ನಾಯಕರು ಲಂಡನ್‌ನಲ್ಲಿ ಸೇರಿ ಒಂದು ತೀರ್ಮಾನಕ್ಕೆ ಬಂದರು. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಬೆಲ್ಜಿಯಂ ಮುಂತಾದ ದೇಶಗಳ ಬೋಟುಗಳು ಬ್ರಿಟನ್ ಸಮುದ್ರದಲ್ಲಿ 2038ರ ಜೂನ್ 30ರವರೆಗೆ ಮೀನು ಹಿಡಿಯಬಹುದು. ಈ ಅವಕಾಶ 2026ರ ಜೂನ್‌ಗೆ ಮುಗಿಯಬೇಕಿತ್ತು. ಒಂದೇ ಸಭೆಯಲ್ಲಿ ಅದು 12 ವರ್ಷ ಮುಂದಕ್ಕೆ ಹೋಯಿತು.

ಸ್ಕಾಟ್ಲೆಂಡಿನ ಮೀನುಗಾರರ ಸಂಘಟನೆ ಸಿಟ್ಟಿಗೆದ್ದಿತು. ನಮ್ಮ ಕಡಲನ್ನು ಮತ್ತೊಮ್ಮೆ ಬಿಟ್ಟುಕೊಟ್ಟರು ಅನ್ನುವ ಮಾತು ಬಂದರು ಬಂದರಿನಲ್ಲೂ ಕೇಳಿಬಂತು. ಅದೇ ಹೊತ್ತಿಗೆ ಸಾಲ್ಮನ್ ಸಾಕುವವರು, ಯುರೋಪಿಗೆ ಸಿಗಡಿ, ಏಡಿ ಕಳುಹಿಸುವ ವ್ಯಾಪಾರಿಗಳು ಈ ತೀರ್ಮಾನವನ್ನು ಸ್ವಾಗತಿಸಿದರು. ಎರಡೂ ಕಡೆಯವರು ಬದುಕುವುದು ಸಮುದ್ರದಿಂದಲೇ. ಆದರೂ ಒಬ್ಬರಿಗೆ ದ್ರೋಹ ಅನ್ನಿಸಿದ್ದು ಇನ್ನೊಬ್ಬರಿಗೆ ನೆಮ್ಮದಿ ತಂದಿತು. ಇದು ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಸುಮಾರು 50 ವರ್ಷ ಹಿಂದಕ್ಕೆ ಹೋಗಬೇಕು.

ಬ್ರಿಟನ್‌ನ ಒಟ್ಟು ಆರ್ಥಿಕತೆಯಲ್ಲಿ ಮೀನುಗಾರಿಕೆಯ ಪಾಲು ಶೇ. 0.1ನ್ನೂ ದಾಟುವುದಿಲ್ಲ. 2016ರಲ್ಲಿ ದೋಣಿಯಲ್ಲಿ ದುಡಿಯುತ್ತಿದ್ದವರು ಸುಮಾರು 12 ಸಾವಿರ ಮಂದಿ. ಅಷ್ಟು ಚಿಕ್ಕ ಕಸುಬು, ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಕೇಳಿದ ಆ ವರ್ಷದ ಜನಮತಗಣನೆಯಲ್ಲಿ ದೊಡ್ಡ ಬಾವುಟವಾಯಿತು. ಮತದಾನಕ್ಕೆ ಒಂದು ವಾರ ಇರುವಾಗ ಮೀನುಗಾರಿಕಾ ಬೋಟುಗಳು ಥೇಮ್ಸ್ ನದಿಯಲ್ಲಿ ಮೆರವಣಿಗೆ ಹೊರಟು ಸಂಸತ್ ಭವನದ ಮುಂದೆ ಹಾದುಹೋದವು. ಬ್ರಿಟನ್ ಮೀನುಗಾರರಲ್ಲಿ ಶೇ. 92ರಷ್ಟು ಮಂದಿ ಒಕ್ಕೂಟ ಬಿಡುವುದಕ್ಕೇ ಮತ ಹಾಕುವುದಾಗಿ ಅಬರ್ಡೀನ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಹೇಳಿದ್ದರು. ಹಳೆಯ ಮೀನು ಬಂದರು ಗ್ರಿಮ್ಸ್‌ಬಿ ಇರುವ ಪ್ರದೇಶದಲ್ಲಿ ಸುಮಾರು ಶೇ. 70ರಷ್ಟು ಮತ ಬ್ರೆಕ್ಸಿಟ್ ಪರ ಬಿತ್ತು.

ಈ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಬ್ರಿಟನ್ ಜೊತೆ ಸೇರ್ಪಡೆಯ ಮಾತುಕತೆ ಶುರುವಾಗುವ ಹೊತ್ತಿಗೆ ಸರಿಯಾಗಿ, 1970ರಲ್ಲಿ, ಒಕ್ಕೂಟದ ಆಗಿನ ಆರು ಸದಸ್ಯ ದೇಶಗಳು ಒಂದು ನಿಯಮ ಮಾಡಿಕೊಂಡವು. ಎಲ್ಲ ಸದಸ್ಯರ ಬೋಟುಗಳಿಗೂ ಎಲ್ಲರ ಕಡಲಿನಲ್ಲಿ ಸಮಾನ ಪ್ರವೇಶ. ಸೇರಬೇಕೆಂದರೆ ಈ ನಿಯಮವನ್ನೂ ಒಪ್ಪಬೇಕಿತ್ತು. ನಾರ್ವೆಯ ಜನ 1972ರಲ್ಲಿ ಒಲ್ಲೆವು ಎಂದರು. ಅದಕ್ಕೆ ಮೀನು ಒಂದು ಮುಖ್ಯ ಕಾರಣ. ಬ್ರಿಟನ್ ಒಪ್ಪಿ 1973ರ ಜನವರಿ 1ರಂದು ಒಳಗೆ ಹೋಯಿತು. ಲಂಡನ್ ಸರ್ಕಾರಕ್ಕೆ ಆಗ ತನ್ನ ಕರಾವಳಿಯ ಮೀನಿನ ಚಿಂತೆ ಅಷ್ಟಾಗಿ ಇರಲಿಲ್ಲ. ಹಲ್, ಗ್ರಿಮ್ಸ್‌ಬಿ, ಫ್ಲೀಟ್‌ವುಡ್‌ನ ದೊಡ್ಡ ಟ್ರಾಲರ್‌ಗಳು ಕಾಡ್ ಮೀನು ಹುಡುಕಿಕೊಂಡು ಹೋಗುತ್ತಿದ್ದುದು ದೂರದ ಐಸ್‌ಲ್ಯಾಂಡ್ ಕಡೆಗೆ.

ಅಲ್ಲಿ ಬೇರೆಯೇ ಜಗಳ ನಡೆದಿತ್ತು. ಐಸ್‌ಲ್ಯಾಂಡ್ ತನ್ನ ಮೀನುಗಾರಿಕಾ ಗಡಿಯನ್ನು 1958ರಲ್ಲಿ 12 ಮೈಲಿಗೆ, 1972ರಲ್ಲಿ 50 ಮೈಲಿಗೆ, 1975ರಲ್ಲಿ 200 ಮೈಲಿಗೆ ಚಾಚಿತು. ಪ್ರತಿ ಸಲವೂ ಬ್ರಿಟನ್ ಎದುರು ನಿಂತಿತು. ಐಸ್‌ಲ್ಯಾಂಡಿನ ಕಾವಲು ಹಡಗುಗಳು ಬ್ರಿಟನ್ ಟ್ರಾಲರ್‌ಗಳ ಹಿಂದಿನಿಂದ ಹಾದುಹೋಗಿ, ಬಲೆ ಎಳೆಯುವ ಉಕ್ಕಿನ ಹಗ್ಗವನ್ನೇ ಕತ್ತರಿಸುತ್ತಿದ್ದವು. ಬಲೆ, ಅದರೊಳಗಿನ ಮೀನು ಎಲ್ಲವೂ ಸಮುದ್ರದ ಪಾಲು. ಬ್ರಿಟನ್ ತನ್ನ ಯುದ್ಧನೌಕೆಗಳನ್ನು ಕಳುಹಿಸಿತು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ತನ್ನ ನೆಲದಲ್ಲಿದ್ದ ನ್ಯಾಟೋ ನೆಲೆಯ ವಿಷಯವನ್ನೇ ಐಸ್‌ಲ್ಯಾಂಡ್ ಮುಂದಿಟ್ಟ ಮೇಲೆ, 1976ರಲ್ಲಿ ಬ್ರಿಟನ್ ಸೋಲೊಪ್ಪಿತು. ಹಲ್ ಮತ್ತು ಗ್ರಿಮ್ಸ್‌ಬಿಯ ದಕ್ಕೆಗಳು ಖಾಲಿಯಾಗಲು ದೊಡ್ಡ ಕಾರಣ ಈ ಸೋಲು. ಐಸ್‌ಲ್ಯಾಂಡ್ ಅಂದೂ ಒಕ್ಕೂಟದಲ್ಲಿರಲಿಲ್ಲ, ಇಂದೂ ಇಲ್ಲ.

ಅದರ ಬೆನ್ನಿಗೇ ಇನ್ನೊಂದು ಏಟು ಬಿತ್ತು. ಯುರೋಪಿನ ದೇಶಗಳು 1977ರಿಂದ ತಮ್ಮ ಗಡಿಯನ್ನೂ 200 ಮೈಲಿಗೆ ವಿಸ್ತರಿಸಿದವು. ಆ ಮೀನನ್ನು ಯಾರು ಎಷ್ಟು ಹಿಡಿಯಬೇಕು ಅನ್ನುವ ಪಾಲುಪಟ್ಟಿ 1983ರಲ್ಲಿ ಸಿದ್ಧವಾಯಿತು. ಪಾಲು ಹಾಕಿದ್ದು 1973ರಿಂದ 1978ರವರೆಗೆ ಯಾರು ಎಲ್ಲಿ ಎಷ್ಟು ಹಿಡಿದಿದ್ದರು ಅನ್ನುವ ಲೆಕ್ಕದ ಮೇಲೆ. ಬ್ರಿಟನ್ನಿನ ದೊಡ್ಡ ಹಡಗುಗಳು ಆ ವರ್ಷಗಳಲ್ಲಿ ಹೆಚ್ಚಾಗಿ ದೂರದ ಕಡಲಿನಲ್ಲಿದ್ದವು. ಫ್ರೆಂಚ್ ಬೋಟುಗಳು ಎರಡು ದೇಶಗಳ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿದ್ದವು. ದೂರದಲ್ಲಿ ಆದ ನಷ್ಟಕ್ಕೆ ಬ್ರಿಟನ್‌ಗೆ ಸ್ವಲ್ಪ ಪರಿಹಾರದ ಪಾಲು ಸಿಕ್ಕಿತು, ನಿಜ. ಆದರೂ ಕಾಲುವೆಯ ಪೂರ್ವ ಭಾಗದ ಕಾಡ್ ಮೀನಿನಲ್ಲಿ ಫ್ರಾನ್ಸ್‌ಗೆ ಶೇ. 84, ಬ್ರಿಟನ್‌ಗೆ ಶೇ. 9. ಇಂಗ್ಲೆಂಡಿನ ದಕ್ಷಿಣ ತೀರದ ಮೀನುಗಾರನಿಗೆ ತನ್ನ ಮನೆಯ ಕಿಟಕಿಯಿಂದ ಕಾಣುವ ನೀರಿನಲ್ಲಿ ಇಷ್ಟೇ ಪಾಲು. ಅವನಿಗೆ ಸಿಟ್ಟು ಬಾರದೆ ಇದ್ದೀತೇ?

ಇಲ್ಲಿಯವರೆಗಿನ ಕಥೆಯನ್ನು ಬ್ರೆಕ್ಸಿಟ್ ಪರ ಇದ್ದವರು ಬೇಕಾದಷ್ಟು ಹೇಳಿದರು. ಇನ್ನರ್ಧ ಕಥೆಯನ್ನು ಅಷ್ಟು ಜೋರಾಗಿ ಯಾರೂ ಹೇಳಲಿಲ್ಲ.

ಒಕ್ಕೂಟ ಬ್ರಿಟನ್‌ಗೆ ಕೊಡುತ್ತಿದ್ದದ್ದು ಒಟ್ಟು ಪಾಲು. ಅದನ್ನು ಒಳಗೆ ಯಾರಿಗೆ ಹಂಚಬೇಕು ಅನ್ನುವುದು ಪೂರ್ತಿ ಲಂಡನ್ ಕೈಯಲ್ಲಿತ್ತು. ಲಂಡನ್ ಏನು ಮಾಡಿತು? 1994ರಿಂದ 1996ರವರೆಗೆ ಯಾವ ಬೋಟು ಎಷ್ಟು ಹಿಡಿದಿತ್ತು ಅನ್ನುವ ಲೆಕ್ಕ ತೆಗೆದು, ಅದರ ಮೇಲೆ ಕೋಟಾ ಗಟ್ಟಿ ಮಾಡಿತು. 10 ಮೀಟರ್‌ಗಿಂತ ಚಿಕ್ಕ ದೋಣಿಯವರು ಆಗ ಲೆಕ್ಕದ ಪುಸ್ತಕ ಇಡಬೇಕಾದ ಕಡ್ಡಾಯವೇ ಇರಲಿಲ್ಲ. ಹಿಡಿದದ್ದಕ್ಕೆ ದಾಖಲೆ ಇಲ್ಲದವನಿಗೆ ಪಾಲೂ ಇಲ್ಲ. ಇವತ್ತು ದೇಶದ ಮೀನುಗಾರಿಕಾ ದೋಣಿಗಳಲ್ಲಿ ನಾಲ್ಕರಲ್ಲಿ ಮೂರು ಈ ಚಿಕ್ಕ ದೋಣಿಗಳೇ. ಕೋಟಾದಲ್ಲಿ ಅವುಗಳಿಗೆ ಸಿಗುವುದು ತೀರಾ ಸಣ್ಣ ಚೂರು.

ಗಟ್ಟಿಯಾದ ಕೋಟಾ ಆಸ್ತಿಯ ಹಾಗೆ ಕೈ ಬದಲಾಯಿಸತೊಡಗಿತು. ಸಾಲದಲ್ಲಿದ್ದವರು ಮಾರಿದರು, ದುಡ್ಡಿದ್ದವರು ಕೊಂಡರು. ಬ್ರಿಟನ್ ಬಾವುಟ ಹಾಕಿಕೊಂಡ ಸ್ಪೇನ್ ಒಡೆತನದ ಬೋಟುಗಳನ್ನು ತಡೆಯಲು ಲಂಡನ್ 1988ರಲ್ಲಿ ಕಾನೂನು ಮಾಡಿತ್ತು. ಯುರೋಪಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಪತ್ರಕರ್ತರು 2018ರಲ್ಲಿ ಲೆಕ್ಕ ಹಾಕಿದಾಗ, ಬ್ರಿಟನ್ ಕೋಟಾದ ಶೇ. 29ರಷ್ಟು ಬರೀ ಐದು ಶ್ರೀಮಂತ ಕುಟುಂಬಗಳ ಹಿಡಿತದಲ್ಲಿತ್ತು. ಇಂಗ್ಲೆಂಡಿನ ಕೋಟಾದ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಡಚ್, ಸ್ಪೇನ್, ಐಸ್‌ಲ್ಯಾಂಡ್ ಮೂಲದ ಕಂಪನಿಗಳ ಹಡಗುಗಳದ್ದು.

ಒಕ್ಕೂಟದ ಆಡಳಿತ ನಡೆಯುವ ಬ್ರಸೆಲ್ಸ್ ಹಳೆಯ ಲೆಕ್ಕ ಹಿಡಿದು ಬ್ರಿಟನ್‌ಗೆ ಮೋಸ ಮಾಡಿತು ಅನ್ನುವುದು ದೂರು. ಅದೇ ರೀತಿ ಹಳೆಯ ಲೆಕ್ಕ ಹಿಡಿದು ಚಿಕ್ಕ ದೋಣಿಯವರ ಪಾಲು ಕಿತ್ತದ್ದು ಲಂಡನ್. ಒಕ್ಕೂಟ ಬಿಟ್ಟರೆ ಮೊದಲನೆಯದು ಬದಲಾಗಬಹುದು. ಎರಡನೆಯದು ಹೇಗೆ ಬದಲಾದೀತು? ಈ ಇಡೀ ವಿವಾದದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ.

ಇನ್ನು ವ್ಯಾಪಾರದ ಕಡೆಗೆ ಬರೋಣ. ಬ್ರಿಟನ್ ಜನ ತಾವು ಹಿಡಿಯುವ ಮೀನನ್ನು ಜಾಸ್ತಿ ತಿನ್ನುವುದಿಲ್ಲ. ಅವರಿಗೆ ಬೇಕಾದದ್ದು ಕಾಡ್, ಹ್ಯಾಡಕ್, ಟ್ಯೂನಾ, ಸಾಲ್ಮನ್ ಮತ್ತು ಸಿಗಡಿ. ಇವುಗಳಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತದೆ. ಅಲ್ಲಿನ ಬೋಟುಗಳು ಹಿಡಿಯುವ ಮ್ಯಾಕರೆಲ್ (ನಮ್ಮ ಬಂಗುಡೆಯ ಬಳಗದ ಮೀನು), ಹೆರಿಂಗ್, ಏಡಿ, ಸ್ಕಾಲಪ್, ಲ್ಯಾಂಗುಸ್ಟೀನ್‌ಗಳು ಹೆಚ್ಚಾಗಿ ಹೊರದೇಶಕ್ಕೆ ಹೋಗುತ್ತವೆ. ರಫ್ತಿನ ಸುಮಾರು ಮೂರರಲ್ಲಿ ಎರಡು ಪಾಲಿಗೆ ಗಿರಾಕಿ ಐರೋಪ್ಯ ಒಕ್ಕೂಟವೇ. ಕಡಲಿನ ಮೇಲಿನ ಹಕ್ಕನ್ನೂ ಮಾರುಕಟ್ಟೆಯ ಬಾಗಿಲನ್ನೂ ಬೇರೆ ಬೇರೆಯಾಗಿ ನೋಡಲು ಸಾಧ್ಯವೇ ಇರಲಿಲ್ಲ. ಯುರೋಪಿನ ಕಡೆಯಿಂದ ಮಾತುಕತೆಗೆ ಬಂದವರಿಗೆ ಇದು ಮೊದಲ ದಿನದಿಂದ ಗೊತ್ತಿತ್ತು. ನಿಮ್ಮ ನೀರಿಗೆ ನಮ್ಮ ಬೋಟು ಬಿಡಿ, ನಮ್ಮ ಮಾರುಕಟ್ಟೆಗೆ ನಿಮ್ಮ ಮೀನು ಬಿಡುತ್ತೇವೆ ಅನ್ನುವುದು ಅವರ ಪಟ್ಟು.

2020ರ ಡಿಸೆಂಬರ್ 24ರಂದು, ಬ್ರೆಕ್ಸಿಟ್ ನಂತರದ ಸಂಬಂಧದ ಬಗ್ಗೆ ಬ್ರಿಟನ್ ಮತ್ತು ಒಕ್ಕೂಟದ ನಡುವೆ ಒಪ್ಪಂದವಾಯಿತು. ಕೊನೆಯ ದಿನಗಳವರೆಗೂ ಎಳೆದಾಡಿದ ವಿಷಯಗಳಲ್ಲಿ ಮೀನು ಒಂದು. ಬ್ರಿಟನ್ ನೀರಿನಲ್ಲಿ ಯುರೋಪಿನವರು ಹಿಡಿಯುತ್ತಿದ್ದ ಮೀನಿನ ಬೆಲೆಯಲ್ಲಿ ಶೇ. 25ರಷ್ಟನ್ನು ಐದೂವರೆ ವರ್ಷಗಳಲ್ಲಿ ಬ್ರಿಟನ್‌ಗೆ ಬಿಟ್ಟುಕೊಡಬೇಕು ಎಂದಾಯಿತು. ಬ್ರಿಟನ್ ಮೊದಲು ಕೇಳಿದ್ದು ಶೇ. 80. ಸರ್ಕಾರದ ಲೆಕ್ಕದಲ್ಲೇ ಈ ಗಳಿಕೆ ವರ್ಷಕ್ಕೆ ಸುಮಾರು 14.5 ಕೋಟಿ ಪೌಂಡ್. ಅದರಲ್ಲಿ ದೊಡ್ಡ ಪಾಲು ಮ್ಯಾಕರೆಲ್ ಮತ್ತು ಹೆರಿಂಗ್‌ನದು. ಅಂದರೆ ಸ್ಕಾಟ್ಲೆಂಡಿನ ಬೆರಳೆಣಿಕೆಯ ಭಾರೀ ಹಡಗುಗಳದು. ಎಲ್ಲರ ಬಾಯಲ್ಲಿದ್ದ ಕಾಲುವೆಯ ಕಾಡ್ ಮೀನಿನಲ್ಲಿ ಬ್ರಿಟನ್ ಪಾಲು ಶೇ. 9ರಿಂದ 10ರ ಆಸುಪಾಸಿಗೆ ಬಂದು ನಿಂತಿತು. ದಡದಿಂದ 6ರಿಂದ 12 ಮೈಲಿಯೊಳಗೆ ಹಳೆಯ ಫ್ರೆಂಚ್, ಬೆಲ್ಜಿಯನ್ ಬೋಟುಗಳು ಬರುವುದು ನಿಲ್ಲುತ್ತದೆ ಎಂದು ದಕ್ಷಿಣ ತೀರದವರು ನಂಬಿದ್ದರು. ಅದೂ ಆಗಲಿಲ್ಲ.

ಸುಂಕ ಮಾತ್ರ ಸೊನ್ನೆ. ಹಾಗಾದರೆ ವ್ಯಾಪಾರಕ್ಕೆ ತೊಂದರೆ ಏನು ಅನ್ನಿಸಬಹುದು ಅಲ್ವಾ? ತೊಂದರೆ ಇದ್ದದ್ದು ಕಾಗದದಲ್ಲಿ.

ಒಂದು ಪೆಟ್ಟಿಗೆ ಲ್ಯಾಂಗುಸ್ಟೀನ್ ಹೇಗೆ ಸಾಗುತ್ತದೆ ನೋಡಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಚಿಕ್ಕ ದೋಣಿಯವರು ತಳಕ್ಕೆ ಬೋನು ಇಳಿಸಿ ಇದನ್ನು ಜೀವಂತ ಹಿಡಿಯುತ್ತಾರೆ. ನೋಡಲು ತೆಳ್ಳಗಿನ ಲಾಬ್‌ಸ್ಟರ್ ಥರ. ಒಂದನ್ನೊಂದು ಕಚ್ಚಿ ಗಾಯ ಮಾಡಿಕೊಳ್ಳದಂತೆ ಚಿಕ್ಕ ಕೊಳವೆಗಳಲ್ಲಿ ಒಂದೊಂದನ್ನೇ ಇಡುತ್ತಾರೆ. ಜೀವ ಇದ್ದರೆ ಒಳ್ಳೆಯ ಬೆಲೆ, ಸತ್ತರೆ ಬೆಲೆ ಇಲ್ಲ. 2020ರವರೆಗೆ ಸಂಜೆ ಲಾರಿ ಹತ್ತಿದ ಪೆಟ್ಟಿಗೆ ಮರುದಿನ ಫ್ರಾನ್ಸಿನ ಬುಲೋನ್ ಬಂದರಿನ ಮಾರುಕಟ್ಟೆಯಲ್ಲಿರುತ್ತಿತ್ತು. ಗ್ಲಾಸ್ಗೋದಿಂದ ಇಂಗ್ಲೆಂಡಿಗೆ ಕಳುಹಿಸಿದಷ್ಟೇ ಸಲೀಸು.

2021ರ ಜನವರಿ 1ರಿಂದ ಅದೇ ಪೆಟ್ಟಿಗೆಗೆ ಏನೇನು ಬೇಕಾಯಿತು? ಯಾವ ದೋಣಿ ಎಲ್ಲಿ ಹಿಡಿಯಿತು ಅನ್ನುವ ಪ್ರಮಾಣಪತ್ರ. ಪಶುವೈದ್ಯರೋ ಸ್ಥಳೀಯ ಆಡಳಿತದ ಅಧಿಕಾರಿಯೋ ನೋಡಿ ಮೊಹರು ಹಾಕಿದ ಆರೋಗ್ಯ ಪತ್ರ, ಅದೂ ಸರಕು ಕಾಲಿಡುವ ದೇಶದ ಭಾಷೆಯಲ್ಲಿ. ಬ್ರಿಟನ್ ಕಡೆ ಒಂದು ಕಸ್ಟಮ್ಸ್ ಘೋಷಣೆ, ಫ್ರಾನ್ಸ್ ಕಡೆ ಇನ್ನೊಂದು. ಪ್ರತಿ ಜಾತಿಯ ಮೀನಿಗೂ ವೈಜ್ಞಾನಿಕ ಹೆಸರು, ತೂಕ, ಸಂಕೇತ ಸಂಖ್ಯೆ. ಒಂದೇ ಜಾತಿಯ ಮೀನನ್ನು ಲಾರಿ ತುಂಬ ಕಳುಹಿಸುವ ದೊಡ್ಡ ಕಂಪನಿಗೆ ಇದನ್ನು ನಿಭಾಯಿಸಬಹುದು. ಚಿಕ್ಕವರು ಹತ್ತಾರು ಮಂದಿ ಸೇರಿ ಒಂದು ಲಾರಿ ತುಂಬುತ್ತಾರೆ. ಅದರಲ್ಲಿ ಒಬ್ಬರ ಕಾಗದದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲಾರಿ ನಿಲ್ಲುತ್ತದೆ. ಉಳಿದವರ ಮಾಲೂ ಒಳಗೇ ಕೊಳೆಯುತ್ತದೆ.

ಆಗಿದ್ದೂ ಹಾಗೆಯೇ. ಹಲವರ ಸರಕು ಒಟ್ಟಿಗೆ ಒಯ್ಯುವ ಸೇವೆಯೇ ಕೆಲವು ದಿನ ನಿಂತಿತು. ಜನವರಿ 18ರಂದು ಇಪ್ಪತ್ತಕ್ಕೂ ಹೆಚ್ಚು ಲಾರಿಗಳು ಲಂಡನ್ನಿಗೆ ಬಂದು ಪ್ರಧಾನಿ ನಿವಾಸದ ಹತ್ತಿರ ಪ್ರತಿಭಟನೆ ಮಾಡಿದವು. ಸ್ಕಾಟ್ಲೆಂಡಿನ ಕೆಲವು ಬೋಟುಗಳು ತಮ್ಮ ಬಂದರು ಬಿಟ್ಟು, ಹೋಗಿಬರಲು 72 ಗಂಟೆ ಹಿಡಿದರೂ ಸರಿ ಎಂದು ಡೆನ್ಮಾರ್ಕ್‌ಗೇ ಹೋಗಿ ಮೀನು ಇಳಿಸಿದವು. ಈಗ ಇವು ಬ್ರಿಟಿಷ್ ಮೀನುಗಳು, ಅದಕ್ಕೇ ಹೆಚ್ಚು ಸಂತೋಷವಾಗಿವೆ ಎಂದು ಅದೇ ದಿನಗಳಲ್ಲಿ ಸಂಸತ್ತಿನಲ್ಲಿ ಹೇಳಿದ್ದು ಆಗಿನ ಸದನ ನಾಯಕ ಜೇಕಬ್ ರೀಸ್-ಮಾಗ್. ದುಡಿಮೆ ಕೊಳೆಯುವುದನ್ನು ನೋಡುತ್ತಿದ್ದವರಿಗೆ ಆ ಮಾತು ಎಷ್ಟು ನೋವು ಕೊಟ್ಟಿರಬೇಕು. ಸರ್ಕಾರ 2.3 ಕೋಟಿ ಪೌಂಡ್ ಪರಿಹಾರ ಘೋಷಿಸಿತು. ದೊಡ್ಡವರು ನಿಧಾನಕ್ಕೆ ಹೊಸ ಪದ್ಧತಿಗೆ ಒಗ್ಗಿಕೊಂಡರು. ಚಿಕ್ಕವರಲ್ಲಿ ಹಲವರು ಯುರೋಪಿನ ಆಸೆಯನ್ನೇ ಬಿಟ್ಟರು.

ಕಪ್ಪೆಚಿಪ್ಪಿನ ವ್ಯಾಪಾರಕ್ಕೆ ಆದದ್ದು ಇನ್ನೂ ಕೆಟ್ಟದು. ವೇಲ್ಸ್‌ನ ಮೆನಾಯ್ ಜಲಸಂಧಿಯಂಥ ಕಡೆ ಬೆಳೆಯುವ ಮಸೆಲ್‌ಗಳನ್ನು ಜೀವಂತ ಯುರೋಪಿಗೆ ಕಳುಹಿಸಿ, ಅಲ್ಲಿನ ಶುದ್ಧ ನೀರಿನ ತೊಟ್ಟಿಗಳಲ್ಲಿ ಇಟ್ಟು ಸ್ವಚ್ಛ ಮಾಡಿ ಮಾರುತ್ತಿದ್ದರು. ಅತಿ ಶುದ್ಧ ದರ್ಜೆಯ ನೀರಿನಿಂದ ಬಂದಿರದಿದ್ದರೆ, ಹೊರದೇಶದ ಚಿಪ್ಪುಮೀನನ್ನು ಸ್ವಚ್ಛ ಮಾಡಿದ ಮೇಲೆಯೇ ಒಳಗೆ ಬಿಡಬೇಕು ಅನ್ನುವುದು ಒಕ್ಕೂಟದ ಹಳೆಯ ನಿಯಮ. ಬ್ರಿಟನ್ ಈಗ ಹೊರದೇಶ. ಒಂದೇ ರಾತ್ರಿಯಲ್ಲಿ ಆ ವ್ಯಾಪಾರ ನಿಂತಿತು. ನೀರು ಅದೇ, ಮಸೆಲ್ ಅದೇ, ಕೊಳ್ಳುವವರೂ ಅವರೇ ಆಗಿದ್ದರು.

ಹಲ್ ಬಂದರಿನ ಕಿರ್ಕೆಲ್ಲಾ ಎಂಬ ದೊಡ್ಡ ಟ್ರಾಲರ್ ನಾರ್ವೆ ಕಡೆಯ ಕಡಲಿನಿಂದ ಕಾಡ್ ತಂದು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಿಗೆ ಕೊಡುತ್ತಿತ್ತು. ಆ ಹಕ್ಕು ಬ್ರಿಟನ್‌ಗೆ ಬಂದಿದ್ದು ಒಕ್ಕೂಟ ನಾರ್ವೆ ಜೊತೆ ಮಾಡಿಕೊಂಡ ಒಪ್ಪಂದದಿಂದ. 2021ರಲ್ಲಿ ಬ್ರಿಟನ್ ಮತ್ತು ನಾರ್ವೆ ನಡುವೆ ಒಪ್ಪಂದವೇ ಕುದುರಲಿಲ್ಲ, ನಾರ್ವೆಯ ನೀರು ಆ ವರ್ಷ ಕಿರ್ಕೆಲ್ಲಾಗೆ ಮುಚ್ಚಿತು.

ಕಾಗದದ ಕಾಟ ಒಂದೇ ಕಡೆಯವರಿಗೆ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಇಲ್ಲಿ ಮೀನು ಹಿಡಿದಿದ್ದೆವು ಅನ್ನುವುದಕ್ಕೆ ಪುರಾವೆ ಕೊಟ್ಟರೆ ಮಾತ್ರ ಪರವಾನಗಿ ಎಂದು ಬ್ರಿಟನ್ ಮತ್ತು ಫ್ರಾನ್ಸ್ ತೀರದ ಹತ್ತಿರದ, ತನ್ನದೇ ಆಡಳಿತವಿರುವ ಜೆರ್ಸಿ ದ್ವೀಪದವರು ಹೇಳಿದಾಗ, ಫ್ರಾನ್ಸಿನ ಚಿಕ್ಕ ದೋಣಿಯವರ ಬಳಿ ಜಾಡು ತೋರಿಸುವ ಉಪಕರಣವೇ ಇರಲಿಲ್ಲ. 2021ರ ಮೇ 6ರಂದು ಸುಮಾರು 60 ಫ್ರೆಂಚ್ ದೋಣಿಗಳು ಜೆರ್ಸಿಯ ಬಂದರಿನ ಮುಂದೆ ಸೇರಿದವು. ಬ್ರಿಟನ್ ಎರಡು ನೌಕಾಪಡೆ ಹಡಗು ಕಳುಹಿಸಿತು. ಜೆರ್ಸಿಗೆ ಸಮುದ್ರದಡಿಯ ಕೇಬಲ್‌ನಲ್ಲಿ ಹೋಗುವ ಕರೆಂಟನ್ನೇ ತೆಗೆಯುವ ಮಾತು ಫ್ರೆಂಚ್ ಸಚಿವೆಯಿಂದ ಬಂತು. ದಾಖಲೆ ಇಲ್ಲದವನು ಪಾಲು ಕಳೆದುಕೊಳ್ಳುವ ಅದೇ ಕಥೆ ಕಾಲುವೆಯ ಆಚೆ ದಡದಲ್ಲೂ ನಡೆಯಿತು.

ಮೀನಿಗಾಗಿಯೇ ಒಕ್ಕೂಟ ಬಿಟ್ಟವರು ಇದಕ್ಕೂ ಮೊದಲು ಇನ್ನೊಬ್ಬರಿದ್ದರು. ಡೆನ್ಮಾರ್ಕ್ ಜೊತೆ 1973ರಲ್ಲಿ ತಾನೂ ಒಳಗೆ ಸೇರಬೇಕಾಗಿ ಬಂದ ಗ್ರೀನ್‌ಲ್ಯಾಂಡ್, 1982ರಲ್ಲಿ ಜನಮತ ಕೇಳಿ, 1985ರ ಫೆಬ್ರುವರಿ 1ರಂದು ಹೊರಬಂತು. ಐವತ್ತು ಸಾವಿರ ಚಿಲ್ಲರೆ ಜನ, ರಫ್ತಿನಲ್ಲಿ ಬಹುಪಾಲು ಸಿಗಡಿ ಮತ್ತು ಮೀನು. ಅವರು ಬಾಗಿಲು ಮುಚ್ಚಿಕೊಳ್ಳಲಿಲ್ಲ. ಯುರೋಪಿನ ಬೋಟುಗಳಿಗೆ ಮೀನು ಹಿಡಿಯಲು ಬಿಟ್ಟು, ಅದಕ್ಕೆ ಒಕ್ಕೂಟದಿಂದ ದುಡ್ಡು ಪಡೆದರು. ತಮ್ಮ ಮೀನಿಗೆ ಸುಂಕವಿಲ್ಲದ ಮಾರುಕಟ್ಟೆಯನ್ನೂ ಪಡೆದರು. ಕಡಲಿಗೆ ಬದಲಾಗಿ ಮಾರುಕಟ್ಟೆ ಅನ್ನುವ ವಿನಿಮಯ ಅಂದೇ ಲಿಖಿತವಾಗಿ ಇತ್ತು. 2016ರಲ್ಲಿ ಬ್ರಿಟನ್ ನಾಯಕರು ತಮ್ಮ ಮೀನುಗಾರರಿಗೆ ಇಷ್ಟನ್ನು ಬಿಡಿಸಿ ಹೇಳಿದ್ದರೆ ಸಾಕಿತ್ತು. ಅದರ ಬದಲು, ಕಡಲೂ ಪೂರ್ತಿ ನಮ್ಮದು, ಮಾರುಕಟ್ಟೆಯೂ ಮೊದಲಿನಂತೆಯೇ ಎಂದು ಮಾತು ಕೊಟ್ಟರು. ನನ್ನ ಪ್ರಕಾರ ದ್ರೋಹ ನಡೆದದ್ದು ಆ ಮಾತು ಕೊಟ್ಟಾಗ. 2020ರ ಒಪ್ಪಂದವೂ 2025ರದ್ದೂ ಆ ಮಾತಿಗೆ ಬಂದ ಬಿಲ್ ಮಾತ್ರ.

ಹೊರಬಂದದ್ದರಿಂದ ಸಿಕ್ಕ ನಿಜವಾದ ಲಾಭವೂ ಒಂದಿದೆ. ಸ್ಯಾಂಡ್ ಈಲ್ ಎಂಬ ಗೇಣುದ್ದದ ಮೀನನ್ನು ಡೆನ್ಮಾರ್ಕ್‌ನ ಹಡಗುಗಳು ಉತ್ತರ ಸಮುದ್ರದಲ್ಲಿ ರಾಶಿಗಟ್ಟಲೆ ಹಿಡಿಯುತ್ತವೆ. ನಮ್ಮ ಕರಾವಳಿಯ ಬೂತಾಯಿಯ ಹಾಗೆ ಅದೂ ಫಿಶ್ ಮೀಲ್, ಎಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಪಫಿನ್, ಕಿಟ್ಟಿವೇಕ್‌ನಂಥ ಕಡಲ ಹಕ್ಕಿಗಳು ಮರಿಗಳಿಗೆ ಗುಟುಕು ಕೊಡುವುದು ಇದೇ ಮೀನನ್ನು. 2024ರ ಮಾರ್ಚ್‌ನಲ್ಲಿ ಬ್ರಿಟನ್ ಇಂಗ್ಲೆಂಡಿನ ಉತ್ತರ ಸಮುದ್ರದ ಭಾಗದಲ್ಲೂ ಸ್ಕಾಟ್ಲೆಂಡಿನ ಎಲ್ಲ ನೀರಿನಲ್ಲೂ ಇದನ್ನು ಹಿಡಿಯುವುದನ್ನು ನಿಲ್ಲಿಸಿತು. ಒಕ್ಕೂಟ ಮಧ್ಯಸ್ಥಿಕೆಯ ನ್ಯಾಯಮಂಡಳಿಗೆ ಹೋಯಿತು. 2025ರ ಮೇ 2ರಂದು ಬಂದ ತೀರ್ಪು ಸ್ಕಾಟ್ಲೆಂಡಿನ ನಿಷೇಧವನ್ನು ಒಪ್ಪಿತು. ಇಂಗ್ಲೆಂಡಿನ ನಿರ್ಧಾರದಲ್ಲಿ ಯುರೋಪಿನ ಮೀನುಗಾರರ ನಷ್ಟವನ್ನು ಸರಿಯಾಗಿ ತೂಗಿ ನೋಡಿಲ್ಲ ಎಂದಿತು. ಎರಡೂ ನಿಷೇಧ ಉಳಿದುಕೊಂಡವು. ಒಕ್ಕೂಟದೊಳಗೆ ಇದ್ದಿದ್ದರೆ ಬ್ರಿಟನ್ ಇಷ್ಟು ಬೇಗ ಹೀಗೆ ಮಾಡುವುದು ಬಹಳ ಕಷ್ಟವಾಗುತ್ತಿತ್ತು.

ಈಗ 2025ರ ಮೇ ತಿಂಗಳ ತೀರ್ಮಾನಕ್ಕೆ ಮತ್ತೆ ಬರೋಣ. 12 ವರ್ಷದ ಪ್ರವೇಶಕ್ಕೆ ಬದಲಾಗಿ ಬ್ರಿಟನ್‌ಗೆ ಸಿಗುವುದು ಆಹಾರ, ಪಶು, ಸಸ್ಯ ಆರೋಗ್ಯದ ಒಪ್ಪಂದ. ಅದು ಪೂರ್ತಿ ಜಾರಿಗೆ ಬಂದರೆ ಲ್ಯಾಂಗುಸ್ಟೀನ್ ಪೆಟ್ಟಿಗೆಗೆ ಆರೋಗ್ಯ ಪತ್ರ ಬೇಕಾಗದು, ವೇಲ್ಸ್‌ನ ಮಸೆಲ್‌ಗೆ ದಾರಿ ತೆರೆಯಬಹುದು. ಕಸ್ಟಮ್ಸ್ ಕಾಗದಗಳು ಹಾಗೇ ಉಳಿಯುತ್ತವೆ. ಆಹಾರ ಸುರಕ್ಷತೆಯಲ್ಲಿ ಯುರೋಪು ಮಾಡುವ ನಿಯಮಗಳನ್ನು ಬ್ರಿಟನ್ ಪಾಲಿಸುತ್ತಾ ಹೋಗಬೇಕು. ಆ ನಿಯಮ ಮಾಡುವ ಸಭೆಯಲ್ಲಿ ಅದಕ್ಕೆ ಮತವಿಲ್ಲ.

ಸುಂಕಕ್ಕಿಂತ ತಪಾಸಣೆ ದೊಡ್ಡ ಅಡ್ಡಿ ಅನ್ನುವುದು ಭಾರತದ ಸಿಗಡಿ ರಫ್ತುದಾರರಿಗೆ ಹೊಸ ವಿಷಯವಲ್ಲ. ನಮ್ಮಲ್ಲಿ ಸಾಕಿದ ಸಿಗಡಿ ಯುರೋಪಿಗೆ ಹೋದಾಗ, ಆ್ಯಂಟಿಬಯಾಟಿಕ್ ಉಳಿಕೆ ಇದೆಯೇ ಎಂದು 2016ರಿಂದ ಅರ್ಧದಷ್ಟು ಸರಕನ್ನು ಪರೀಕ್ಷೆಗೆ ತೆಗೆಯುತ್ತಿದ್ದಾರೆ. ಬ್ರಿಟನ್ ಒಕ್ಕೂಟದಿಂದ ಹೊರಗಿರುವುದರಿಂದಲೇ 2025ರ ಜುಲೈ 24ರಂದು ಭಾರತದ ಜೊತೆ ಪ್ರತ್ಯೇಕ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಲು ಸಾಧ್ಯವಾಯಿತು. ಭಾರತದ ಸಿಗಡಿ, ಮೀನಿನ ಮೇಲಿನ ಸುಂಕ ತೆಗೆಯುವುದು ಅದರಲ್ಲಿದೆ. ಆದರೆ ಆಹಾರ ನಿಯಮಗಳಲ್ಲಿ ಬ್ರಿಟನ್ ಮತ್ತೆ ಯುರೋಪಿನ ದಾರಿಗೆ ಬಂದರೆ, ಅಲ್ಲಿನ ತಪಾಸಣೆಯ ಕಟ್ಟುನಿಟ್ಟು ನಮ್ಮ ಸರಕಿಗೂ ತಟ್ಟಬಹುದು. ಮಂಗಳೂರಿನಿಂದ ಮಾಲು ಕಳುಹಿಸುವವರೂ ಲಂಡನ್ ಮತ್ತು ಬ್ರಸೆಲ್ಸ್ ನಡುವಿನ ಮಾತುಕತೆಯನ್ನು ಗಮನಿಸಬೇಕಾದ ಕಾರಣ ಇದು.

ಬ್ರಿಟನ್ ಸರ್ಕಾರ ಕರಾವಳಿಗೆ 12 ವರ್ಷದಲ್ಲಿ 36 ಕೋಟಿ ಪೌಂಡ್ ಕೊಡುವುದಾಗಿ ಹೇಳಿದೆ. ಅದರಲ್ಲಿ ಸ್ಕಾಟ್ಲೆಂಡಿಗೆ ಸುಮಾರು 2.8 ಕೋಟಿ, ಶೇ. 8ಕ್ಕೂ ಕಡಿಮೆ. ದೇಶದ ಮೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯುವುದು ಅಲ್ಲಿನ ಬೋಟುಗಳು. ಜನಸಂಖ್ಯೆ ನೋಡಿ ಹಂಚುವ ಹಳೆಯ ಸೂತ್ರವನ್ನು ಇಲ್ಲಿಗೂ ಹಾಕಿದ್ದಾರೆ. ಇದೇ ಹೊತ್ತಿಗೆ ಮೀನೂ ಕಡಿಮೆಯಾಗುತ್ತಿದೆ. 2026ಕ್ಕೆ ಮ್ಯಾಕರೆಲ್ ಹಿಡಿಯುವುದನ್ನು ಸುಮಾರು ಶೇ. 70ರಷ್ಟು ಇಳಿಸಬೇಕು, ಉತ್ತರ ಸಮುದ್ರದ ಕಾಡ್ ಹಿಡಿಯುವುದನ್ನು ಪೂರ್ತಿ ನಿಲ್ಲಿಸಬೇಕು ಎಂದು ಅಂತರರಾಷ್ಟ್ರೀಯ ಸಮುದ್ರ ವಿಜ್ಞಾನಿಗಳ ಮಂಡಳಿ ಸಲಹೆ ಕೊಟ್ಟಿತು. ಬ್ರೆಕ್ಸಿಟ್‌ನಿಂದ ಹೆಚ್ಚು ಗಳಿಸಿದ್ದು ಮ್ಯಾಕರೆಲ್ ಹಿಡಿಯುವವರೇ ಅಲ್ವಾ? ಆ ಗಳಿಕೆಯೂ ಈಗ ಕರಗುತ್ತಿದೆ.

ಕೋಟಾ ಕುಗ್ಗುವಾಗ ಮೊದಲು ಕೆಲಸವಿಲ್ಲದೆ ದಡದಲ್ಲಿ ಉಳಿಯುವುದು ಯಾರ ದೋಣಿ ಅನ್ನುವುದೇ ಮುಂದಿನ ಪ್ರಶ್ನೆ. 1994–96ರ ಲೆಕ್ಕದ ಪುಸ್ತಕವನ್ನು ತೆಗೆದಿಟ್ಟು, 10 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಹೆಚ್ಚು ಪಾಲು ಕೊಡಲು ಬ್ರಿಟನ್ನಿನ ಸರ್ಕಾರಗಳಿಗೆ ಮೊದಲೂ ಅಧಿಕಾರವಿತ್ತು, ಈಗಲೂ ಇದೆ. ಹೊಸದಾಗಿ ಸಿಕ್ಕ ಕೋಟಾದಲ್ಲಿ ಒಂದಿಷ್ಟನ್ನು ಚಿಕ್ಕವರಿಗೆ ಕೊಟ್ಟದ್ದು ಬಿಟ್ಟರೆ, ಹಳೆಯ ಹಂಚಿಕೆಯನ್ನು ಯಾವ ಸರ್ಕಾರವೂ ದೊಡ್ಡ ಮಟ್ಟದಲ್ಲಿ ಮುಟ್ಟಿಲ್ಲ. ಅದನ್ನು ಮುಟ್ಟುವುದಕ್ಕೆ 2038ರವರೆಗೆ ಕಾಯಬೇಕಿಲ್ಲ, ಬ್ರಸೆಲ್ಸ್ ಒಪ್ಪಿಗೆಯೂ ಬೇಕಿಲ್ಲ.